ಕೂಡಿದರೆ ನಲವತ್ತೊಂದು

ಕಾಲಿಗೆ ಮೂವತ್ತೈದು, ಕಿವಿಗೆ ಆರು. ಇದನ್ನು ಕೂಡುವುದಕ್ಕೆ ಯಾರಾದರೂ ಕಾಲೇಜು ಓದಿರಬೇಕೆ? ಭದ್ರಾವತಿಯ ಹೊಸಮನೆಯ ಆ ಗಲ್ಲಿಯಲ್ಲಿ ಹಾಲು ಹಾಕುವವನಿಂದ ಹಿಡಿದು ಹಲ್ಲಿಲ್ಲದ ಮುದುಕಿಯರವರೆಗೆ ಎಲ್ಲರೂ ಕೂಡಿದರು, ಎಲ್ಲರಿಗೂ ನಲವತ್ತೊಂದೇ ಬಂತು. ಪುಷ್ಪಾಳಿಗೂ ಅಷ್ಟೇ ಬಂತು. ಆದರೆ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಅವಳ ಗಂಡ ಭೀಮೇಶನಿಗೆ ಕೊಟ್ಟ ಕಾಗದದಲ್ಲಿ ಮಾತ್ರ ಮೂವತ್ತೊಂಬತ್ತು ಎಂದಿತ್ತು. ನಲವತ್ತಿದ್ದರೆ ಸರ್ಕಾರದ ಕಣ್ಣಿಗೆ ಅವನು ಅಂಗವಿಕಲ. ಮೂವತ್ತೊಂಬತ್ತಾದರೆ ಕಾಲು ನೋಯುತ್ತದೆ ಎಂದು ಗೊಣಗುವ ಒಬ್ಬ ಗಂಡಸು, ಅಷ್ಟೇ.

ಪುಷ್ಪಾ ಹುಟ್ಟಿ ಬೆಳೆದದ್ದು ಹೊಳೆಹೊನ್ನೂರಿನಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಬಡತನ ಬಿಡಿಸಿತು ಎಂದು ಬೇರೆಯವರು ಹೇಳುತ್ತಾರೆ, ಅವಳನ್ನು ಕೇಳಿದರೆ ಲೆಕ್ಕ ಬಿಡಿಸಿತು ಎನ್ನುತ್ತಾಳೆ. ಕೂಡು, ಕಳೆ, ಮಗ್ಗಿ ಎಲ್ಲ ನೀರು ಕುಡಿದ ಹಾಗೆ ಬರುತ್ತಿತ್ತು. ಭಿನ್ನರಾಶಿ ಬಂದ ವರ್ಷ ಕಣ್ಣಿಗೆ ಕತ್ತಲೆ ಬಂತು. ಅದರಲ್ಲೂ ಮಿಶ್ರ ಭಿನ್ನರಾಶಿ ಎಂದರೆ ಅವಳಿಗೆ ಕಂಡದ್ದು ಒಂದು ಸಂಸಾರ. ಮಗಳು ಕವನಳಿಗೆ ಆ ಲೆಕ್ಕ ಬಂದಾಗಲೂ ಅದನ್ನೇ ಹೇಳಿ ನಗಿಸಿದ್ದಳು. "ನೋಡೇ, ಈ ದೊಡ್ಡ ನಂಬರು ಮನೆ ಯಜಮಾನ. ಹೊರಗೆ ಜಗುಲಿ ಮೇಲೆ ಬೀಡಿ ಸೇದ್ಕೊಂಡು ಕೂತಿದಾನೆ. ಒಳಗೆ ಅಟ್ಟದ ಮೇಲೊಬ್ಳು, ಅಟ್ಟದ ಕೆಳಗೊಬ್ಳು, ಅತ್ತೆ ಸೊಸೆ. ಮಾತಿಲ್ಲ ಕತೆಯಿಲ್ಲ. ಇಂಥ ಮನೇಗೆ ನಾವ್ಯಾಕೆ ಹೋಗ್ಬೇಕು?"

ಈಗ ಅವಳಿಗೆ ನಲವತ್ತರ ಹತ್ತಿರ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ. ಬೆಳಿಗ್ಗೆ ಬೇಳೆ ತೊಳೆಯುವಾಗಲೇ ಇವತ್ತು ಎಷ್ಟು ಮಕ್ಕಳು ಎಂದು ಅಂಗಳದ ಸದ್ದಿನಲ್ಲೇ ಅಂದಾಜು ಮಾಡುತ್ತಾಳೆ. ಸಾರು ಕಡಿಮೆ ಬೀಳುವುದೂ ಇಲ್ಲ, ಚೆಲ್ಲುವಷ್ಟು ಉಳಿಯುವುದೂ ಇಲ್ಲ.

ಭೀಮೇಶ ಒಳ್ಳೆಯ ಆಳು. ಮಾತು ಕಡಿಮೆ, ಕುಡಿತವಿಲ್ಲ. ಮದುವೆಯಾದಾಗ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಅಚ್ಚಿನಿಂದ ತೆಗೆದ ಕಬ್ಬಿಣದ ಒರಟು ಅಂಚುಗಳನ್ನು ಉಳಿ ಸುತ್ತಿಗೆಯಲ್ಲಿ, ಆಮೇಲೆ ಮಿಶನ್ನಿನಲ್ಲಿ ಕೆತ್ತುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಿವಿಯ ಪಕ್ಕದಲ್ಲೇ ಕಬ್ಬಿಣ ಕಿರುಚುತ್ತಿತ್ತು. ಕಿವಿ ಹೋದದ್ದು ಒಂದು ದಿನದಲ್ಲಲ್ಲ. ಬಟ್ಟೆಯ ಬಣ್ಣ ಹೋದ ಹಾಗೆ, ಒಗೆದು ಒಗೆದು ಹೋಯಿತು. ಕಾಲು ಮಾತ್ರ ಒಂದೇ ಗಳಿಗೆಯಲ್ಲಿ. ಮರಳು ತುಂಬಿದ ಅಚ್ಚಿನ ಪೆಟ್ಟಿಗೆ ಸರಪಳಿ ಜಾರಿ ಎಡಗಾಲಿನ ಹರಡಿನ ಮೇಲೆ ಕೂತಿತು. ಮಾಲೀಕ ಆಸ್ಪತ್ರೆಗೆ ಹಾಕಿದ, ರಾಡು ಹಾಕಿಸಿದ, ಮನೆಗೆ ಕಿತ್ತಳೆ ಹಣ್ಣು ತಂದುಕೊಟ್ಟ. ಆಮೇಲೆ ಶೆಡ್ಡೇ ಮುಚ್ಚಿಹೋಯಿತು. ಯಾರನ್ನು ಬೈಯುವುದು?

ಈಗ ಅವನು ಒಂದು ಹೋಟೆಲಿನಲ್ಲಿ ಲೋಟ ತಟ್ಟೆ ತೊಳೆಯುತ್ತಾನೆ. ದಿನವಿಡೀ ನಿಂತೇ ಮಾಡುವ ಕೆಲಸ, ಕಾಲ ಕೆಳಗೆ ಸದಾ ನೀರು. ಸಂಜೆ ಮನೆಗೆ ಬಂದರೆ ಆ ಕಾಲು ನೆನೆಹಾಕಿದ ಕಡಲೆಯ ಹಾಗೆ ಊದಿರುತ್ತದೆ. ಪುಷ್ಪಾ ಬಿಸಿ ಎಣ್ಣೆ ತಿಕ್ಕುತ್ತಾಳೆ. ಹೋದ ವರ್ಷ ಡಾಕ್ಟರು, "ಇನ್ನು ನಿಂತು ಕೆಲಸ ಮಾಡಬೇಡಪ್ಪ, ಹೀಗೇ ನಿಂತರೆ ಈ ಕಾಲು ಉಳಿಯಲ್ಲ" ಎಂದಿದ್ದರು. ಕೂತು ತಿನ್ನುವವರಿಗೆ ಹೇಳುವ ಮಾತು ಅದು.

ಅಂಥ ಹೊತ್ತಿನಲ್ಲಿ ಪಕ್ಕದ ಮನೆಯ ಷಣ್ಮುಖಪ್ಪ ಪೇಪರು ಹಿಡಿದುಕೊಂಡು ಬಂದದ್ದು. ಷಣ್ಮುಖಪ್ಪ ರಿಟೈರಾದ ಮೇಲೆ ಊರಿನವರ ಅರ್ಜಿ, ತಕರಾರು, ಪಂಚಾಯಿತಿ ಎಲ್ಲ ತನ್ನ ಹೆಗಲಿಗೆ ಹಾಕಿಕೊಂಡ ಮನುಷ್ಯ.

"ಪುಷ್ಪಾ, ನೋಡಿಲ್ಲಿ. ಶಿವಮೊಗ್ಗದ ಕಾಲೇಜಲ್ಲಿ ಅಟೆಂಡರ್ ಪೋಸ್ಟು. ಅಂಗವಿಕಲರಿಗೇ ಒಂದು ಇಟ್ಟಿದಾರೆ. ವಯಸ್ಸಿಗೂ ಸಡ್ಲಿಕೆ ಇದೆ. ಇವ್ನಿಗೆ ಹೇಳಿ ಮಾಡ್ಸಿದ ಹಾಗಿದೆ."

"ಏನ್ ಮಾಡ್ಬೇಕಣ್ಣ ಅದ್ರಲ್ಲಿ?"

"ಏನೂ ಮಾಡ್ಬಾರ್ದು ಮಾರಾಯ್ತಿ, ಅದೇ ಕೆಲ್ಸ! ಬಾಗಿಲ ಹತ್ರ ಸ್ಟೂಲ್ ಹಾಕ್ಕೊಂಡು ಕೂತಿರೋದು. ಬೆಲ್ಲು ಹೊಡೆದ್ರೆ ಒಳಗೆ ಹೋಗೋದು."

"ಇವ್ರಿಗೆ ಬೆಲ್ಲು ಕೇಳ್ಬೇಕಲ್ಲ!" ಎಂದು ಪುಷ್ಪಾ ನಕ್ಕಳು. ಅವಳು ಆ ವಿಷಯಕ್ಕೆ ನಕ್ಕದ್ದು ಅದೇ ಕೊನೆ.

ಸ್ಟೂಲು. ಅವತ್ತಿನಿಂದ ಪುಷ್ಪಾಳ ಕಣ್ಣಿನಲ್ಲಿ ಅದೊಂದೇ ಇತ್ತು. ಗಂಡ ಸ್ಟೂಲಿನ ಮೇಲೆ ಕೂತಿದ್ದಾನೆ, ಎಡಗಾಲು ಚಾಚಿದ್ದಾನೆ, ಕಾಲು ಒಣಗಿದೆ.

ಅರ್ಜಿಗೆ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ನಲವತ್ತು ಬೇಕು. ದೊಡ್ಡಾಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಕಾಲು ಮಡಿಸಿ, ತಿರುಗಿಸಿ, ಅಳೆದು ಮೂವತ್ತೈದು ಬರೆದರು. ಪುಷ್ಪಾಳ ಲೆಕ್ಕಕ್ಕೆ ಇನ್ನೂ ಐದು ಬೇಕಿತ್ತು. ಕಿವಿ ಪರೀಕ್ಷೆಯವರು ಆರು ಬರೆದಾಗ ಹೋದ ಜೀವ ತಿರುಗಿ ಬಂತು. ಆಸ್ಪತ್ರೆಯ ಮರದ ಕೆಳಗೆ ನಿಂತು ಬೆರಳು ಮಡಿಚಿ ಎಣಿಸಿದಳು. ಒಂದು ಹೆಚ್ಚೇ ಇದೆ. ಬಸ್‌ಸ್ಟಾಂಡಿನಲ್ಲಿ ಕವನಳಿಗೆಂದು ಮೈಸೂರುಪಾಕು ಕಟ್ಟಿಸಿದಳು. ಇಬ್ಬರೂ ಸೀಟಿಗೆ ಒರಗಿ ನಿದ್ದೆ ಮಾಡುತ್ತ ಊರಿಗೆ ಬಂದರು.

ವಾರದ ನಂತರ ಕಾಗದ ತರಲು ಹೋದರೆ ಮೂವತ್ತೊಂಬತ್ತು.

"ಸಾರ್, ಕೂಡೋದು ತಪ್ಪಾಗಿದೆ" ಎಂದಳು ಪುಷ್ಪಾ, ಕೌಂಟರಿನ ಗುಮಾಸ್ತನಿಗೆ.

ಅವನು ಒರಟನೇನಲ್ಲ. "ಕೂಡಲ್ಲಮ್ಮ ಇದನ್ನ. ಎರಡು ತರ ಇದ್ದಾಗ ಅದಕ್ಕೊಂದು ಸೂತ್ರ ಇದೆ" ಎಂದು ಒಂದು ಚೀಟಿಯ ಹಿಂದೆ ಬರೆದೂ ಕೊಟ್ಟ. ತೊಂಬತ್ತರಲ್ಲಿ ದೊಡ್ಡದನ್ನು ಕಳೆ. ಉಳಿದದ್ದನ್ನು ಚಿಕ್ಕದರಿಂದ ಗುಣಿಸು. ತೊಂಬತ್ತರಿಂದ ಭಾಗಿಸು. ಬಂದದ್ದನ್ನು ದೊಡ್ಡದಕ್ಕೆ ಸೇರಿಸು. ಪುಷ್ಪಾ ಚೀಟಿ ನೋಡಿದಳು. ಅಟ್ಟದ ಮೇಲೊಬ್ಬಳು, ಅಟ್ಟದ ಕೆಳಗೊಬ್ಬಳು ಕೂತಿದ್ದರು.

ಗಲ್ಲಿಯಲ್ಲಿ ಗದ್ದಲವೋ ಗದ್ದಲ. "ಎರಡು ಪರ್ಸೆಂಟು ಯಾರು ತಿಂದ್ರು?" ಎಂದು ಷಣ್ಮುಖಪ್ಪ ಟವಲು ಕೊಡವಿದರು. "ಎಲ್ಲಾ ಕಡೆ ಪರ್ಸೆಂಟೇಜು ಹೊಡೀತಾರೆ ಅಂತ ಗೊತ್ತಿತ್ತು. ಕುಂಟನ ಪರ್ಸೆಂಟಲ್ಲೂ ಪರ್ಸೆಂಟು ಹೊಡೀತಾರಲ್ಲೋ!" ನಾಕು ಜನ ನಕ್ಕರು. ನಲ್ಲಿಯ ಹತ್ತಿರ ಒಬ್ಬಳು, ಪುಷ್ಪಾಳಿಗೆ ಕೇಳಲಿ ಎಂದೇ, "ಕುಂಟನಿಗೆ ಎಂಟು ಚೇಷ್ಟೆ ಅಂತಾರೆ. ನಡ್ಕೊಂಡು ಹೋಟ್ಲಿಗೆ ಹೋಗ್ತಾನೆ, ಅಂಗವಿಕಲ ಅಂತೆ" ಎಂದಳು. ಪುಷ್ಪಾ ಕೊಡ ತುಂಬಿಸಿಕೊಂಡು ಬಂದಳು.

ಒಂಬತ್ತನೇ ಕ್ಲಾಸಿನ ಕವನ ಮಾತ್ರ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಶೇಕಡಾ ಲೆಕ್ಕದಲ್ಲಿ ಅವಳೂ ಅಷ್ಟಕ್ಕಷ್ಟೇ. ನಾಲ್ಕು ಸಲ ಮಾಡಿದರೆ ನಾಲ್ಕು ಉತ್ತರ. ಒಂದು ಸಲ ನಲವತ್ತೂಕಾಲು ಬಂತು. ಆಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ತಪ್ಪು ಮಾಡಿದಾರೆ ಕಣಮ್ಮ ಆಸ್ಪತ್ರೆಯವ್ರು" ಎಂದಳು ಕವನ.

"ಗೊತ್ತಿದ್ದವ್ರ ಕೈಲಿ ಮಾಡ್ಸೋಣ" ಎಂದಳು ಪುಷ್ಪಾ. ಗೊತ್ತಿದ್ದವರು ಎಂದರೆ ಅವಳಿಗೆ ಶಂಕರನಾರಾಯಣ ಮೇಷ್ಟ್ರೇ. ಅವಳು ಅಡುಗೆ ಮಾಡುವ ಶಾಲೆಯಲ್ಲೇ ಲೆಕ್ಕದ ಮೇಷ್ಟ್ರಾಗಿದ್ದು ರಿಟೈರಾದವರು. ಈಗ ಶಿವಮೊಗ್ಗದಲ್ಲಿ, ಆಲ್ಕೊಳದ ಕಡೆ ಮನೆ ಮಾಡಿಕೊಂಡಿದ್ದರು.

ಭಾನುವಾರ ತಾಯಿ ಮಗಳು ಬಸ್ಸು ಹತ್ತಿದರು. ಭೀಮೇಶನಿಗೆ ಹೋಟೆಲಿನಲ್ಲಿ ರಜೆ ಸಿಗಲಿಲ್ಲ. ಆಲ್ಕೊಳ ಸರ್ಕಲ್ಲಿನಲ್ಲಿ ಇಳಿದು, ದಾರಿ ಕೇಳಿಕೊಂಡು ಹೋಗುವಾಗ ಪುಷ್ಪಾಳ ಹೆಜ್ಜೆ ಹಗುರವಾಗಿತ್ತು. ಮೇಷ್ಟ್ರು ತಪ್ಪು ಹಿಡಿಯುತ್ತಾರೆ, ಬರೆದು ಕೊಡುತ್ತಾರೆ, ಅದನ್ನು ಗುಮಾಸ್ತನಿಗೆ ತೋರಿಸುವುದು. ಮನಸ್ಸಿನಲ್ಲಿ ಆಗಲೇ ಎಲ್ಲ ಮುಗಿದಿತ್ತು.

ಮೇಷ್ಟ್ರು ಬಹಳ ಮುದುಕರಾಗಿದ್ದರು. "ಪುಷ್ಪಮ್ಮಾ! ನಿಮ್ಮ ಕೈ ಉಪ್ಪಿಟ್ಟು ತಿಂದು ಎಷ್ಟು ವರ್ಷ ಆಯ್ತು" ಎಂದು ಒಳಗೆ ಕರೆದರು. ಚೀಟಿ ಕೈಗೆ ಕೊಟ್ಟದ್ದೇ ತಡ, ಕನ್ನಡಕ ಹಾಕಿಕೊಂಡರು. ಮುಖದಲ್ಲಿ ಹಳೆಯ ಕಳೆ ಬಂತು. ಕವನಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿದರು. ತೊಂಬತ್ತರಲ್ಲಿ ಮೂವತ್ತೈದು ಹೋದರೆ ಐವತ್ತೈದು. ಐವತ್ತೈದಾರಲಿ ಮುನ್ನೂರ ಮೂವತ್ತು. ತೊಂಬತ್ತರಿಂದ ಭಾಗಿಸಿದರೆ ಮೂರು ಪೂರ್ಣ, ಮೇಲೆ ಮೂರನೇ ಎರಡು ಭಾಗ. ಮೂವತ್ತೈದಕ್ಕೆ ಸೇರಿಸಿದರೆ ಮೂವತ್ತೆಂಟು ಪೂರ್ಣ ಮೂರನೇ ಎರಡು.

ಪೆನ್ನು ಕೆಳಗಿಟ್ಟರು.

"ಲೆಕ್ಕ ಸರಿ ಇದೆ ಪುಷ್ಪಮ್ಮ."

"ಸರಿ ಅಂದ್ರೆ?"

"ಆಸ್ಪತ್ರೆಯವರು ತಪ್ಪು ಮಾಡಿಲ್ಲ. ನಿಜ ಹೇಳಬೇಕು ಅಂದ್ರೆ, ಮೂವತ್ತೆಂಟರ ಮೇಲೆ ಚೂರು ಇತ್ತಲ್ಲ, ಅದನ್ನ ಪೂರ್ತಿ ಮಾಡಿ ಮೂವತ್ತೊಂಬತ್ತು ಅಂತ ಕೊಟ್ಟಿದಾರೆ. ಅರ್ಧಕ್ಕಿಂತ ಜಾಸ್ತಿ ಇದ್ರೆ ಹಾಗೆ ಮಾಡ್ತಾರೆ. ಮೂರನೇ ಒಂದು ಭಾಗ ನಿಮಗೆ ಹೆಚ್ಚಿಗೇನೇ ಬಂದಿದೆ."

ತಪ್ಪು ಮಾಡಿದ್ದರೆ ಬೈಯಬಹುದಿತ್ತು. ಲಂಚ ತಿಂದಿದ್ದರೆ ಶಾಪ ಹಾಕಬಹುದಿತ್ತು. ಲೆಕ್ಕ ಸರಿ ಇದ್ದರೆ ಏನು ಮಾಡುವುದು? ಪುಷ್ಪಾ ಸೆರಗಿನ ಅಂಚನ್ನು ಸುತ್ತಿದಳು, ಬಿಚ್ಚಿದಳು.

"ಆದ್ರೆ ಯಾಕೆ ಸಾರ್ ಕೂಡಲ್ಲ? ಕಾಲೂ ಅವ್ರದ್ದೇ, ಕಿವೀನೂ ಅವ್ರದ್ದೇ."

ಮೇಷ್ಟ್ರು ತಾಳ್ಮೆಯಿಂದಲೇ ಹೇಳಿದರು. "ನೀವು ಸಾರು ಬಡಿಸ್ತೀರಲ್ಲ. ಮೊದಲನೇ ಪಂಕ್ತಿ ಮಕ್ಕಳು ತುಂಬಿದ ಪಾತ್ರೆಯಿಂದ ಹಾಕಿಸ್ಕೊಂಡ್ರು. ಎರಡನೇ ಪಂಕ್ತಿಯವರು ಉಳಿದದ್ದರಲ್ಲಿ ತಾನೇ ಹಾಕಿಸ್ಕೋಬೇಕು? ಇದೂ ಹಾಗೇ. ಕಾಲು ಹೋಯ್ತು. ಕಾಲು ಹೋದ ಮೇಲೆ ಉಳಿದ ಮನುಷ್ಯ ಇದಾನಲ್ಲ, ಅವನಲ್ಲಿ ಕಿವಿ ಎಷ್ಟು ಹೋಯ್ತು ಅಂತ ನೋಡ್ತಾರೆ. ಅದಕ್ಕೇ ಆರು ಅನ್ನೋದು ಮೂರೂ ಮುಕ್ಕಾಲಿನ ಹತ್ತಿರ ಇಳೀತು."

ಸಾರಿನ ಮಾತು ಪುಷ್ಪಾಳಿಗೆ ತಿಳಿಯಿತು. ತಿಳಿದದ್ದೇ ಕಷ್ಟವಾಯಿತು.

"ಕಾಲು ಹೋದವ್ನಿಗೆ ಕಿವಿ ಇನ್ನೂ ಜಾಸ್ತಿ ಬೇಕಲ್ವಾ ಸಾರ್? ಕಾಲು ನೆಟ್ಟಗಿದ್ದವ್ನು ಹಿಂದೆ ಲಾರಿ ಬಂದ್ರೆ ಹಾರ್ಕೊಳ್ತಾನೆ. ಇವ್ರು ಹಾರಕ್ಕಾಗಲ್ಲ. ಮೊದ್ಲೇ ಕೇಳ್ಬೇಕು ಇವ್ರಿಗೆ."

"ನಿಜ" ಎಂದರು ಮೇಷ್ಟ್ರು. "ನಿಜ. ಅದು ಸೂತ್ರದಲ್ಲಿ ಬರಲ್ಲಮ್ಮ."

ಒಳಗಿನಿಂದ ಕಾಫಿ ಬಂತು. ಜೀವಮಾನವೆಲ್ಲ ಒಂದು ಲೆಕ್ಕ ಮುಗಿದರೆ ಇನ್ನೊಂದು ಕೊಟ್ಟ ಅಭ್ಯಾಸವೋ ಏನೋ, ಮೇಷ್ಟ್ರು ಕವನಳ ಕಡೆ ತಿರುಗಿ, "ಈಗ ಹಿಂದುಮುಂದು ಮಾಡಿ ನೋಡು ಮಗು. ಮೂವತ್ತೊಂಬತ್ತೂವರೆ ಬಂದರೆ ನಲವತ್ತು ಅಂತ ಬರೀತಾರೆ. ಕಾಲು ಮೂವತ್ತೈದೇ ಇರಲಿ. ಹಾಗಾದ್ರೆ ಕಿವಿ ಎಷ್ಟಿರಬೇಕು?" ಎಂದರು.

ಕವನ ಬಗ್ಗಿ ಕೂತಳು. ಮೂವತ್ತೊಂಬತ್ತೂವರೆಯಲ್ಲಿ ಮೂವತ್ತೈದು ಕಳೆದಳು, ನಾಲ್ಕೂವರೆ ಉಳಿಯಿತು. ನಾಲ್ಕೂವರೆಯನ್ನು ಎರಡನೇ ಒಂಬತ್ತು ಮಾಡಿಕೊಂಡಳು. ಗುಣಿಸಿದಳು, ಹೊಡೆದುಹಾಕಿದಳು, ತುಟಿ ಕಚ್ಚಿ ಭಾಗಿಸಿದಳು. ಮೇಷ್ಟ್ರು ಬೆರಳು ತೋರಿಸಲಿಲ್ಲ, ನೋಡುತ್ತ ಕೂತರು. ತಟ್ಟನೆ ಹುಡುಗಿ ತಲೆ ಎತ್ತಿದಳು. ಮುಖವೆಲ್ಲ ಬೆಳಕಾಗಿತ್ತು.

"ಬಂತು ಸಾರ್! ಏಳು ಪೂರ್ಣ ಹನ್ನೊಂದನೇ ನಾಲ್ಕು!"

"ಭೇಷ್!" ಎಂದು ಮೇಷ್ಟ್ರು ತೊಡೆ ತಟ್ಟಿದರು.

"ನಮ್ಮಪ್ಪಂಗೆ ಇನ್ನು ಒಂದು ಪೂರ್ಣ ಹನ್ನೊಂದನೇ ನಾಲ್ಕು ಕಿವುಡು ಜಾಸ್ತಿ ಆದ್ರೆ..." ಎಂದು ಶುರುಮಾಡಿದ ಕವನ ಅಲ್ಲೇ ನಿಂತಳು. ಮೇಷ್ಟ್ರ ಕೈ ತೊಡೆಯ ಮೇಲೆ ಹಾಗೇ ಉಳಿಯಿತು. ಯಾವತ್ತೂ ಬಗೆಹರಿಯದ ಲೆಕ್ಕ ಮೊದಲ ಸಲ ಬಗೆಹರಿದಿತ್ತು, ಅದೂ ಇಂಥದ್ದು. ಹುಡುಗಿ ಹಾಳೆಯನ್ನು ಮಡಿಚಿ ಕಾಫಿ ಲೋಟದ ಕೆಳಗೆ ಇಟ್ಟಳು.

"ಅಷ್ಟೇನಾ ಬೇಕಿರೋದು?" ಎಂದಳು ಪುಷ್ಪಾ ಮೆಲ್ಲಗೆ. "ಒಂದೂವರೆ ಸಾಕಾ?"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

ಆ ಒಂದೂವರೆ ಅವಳ ಜೊತೆ ಬಸ್ಸು ಹತ್ತಿ ಭದ್ರಾವತಿಗೆ ಬಂತು. ಮನೆಯೊಳಗೆ ಬಂದು ಕೂತಿತು.

ಇಷ್ಟು ವರ್ಷ ಪುಷ್ಪಾಳದ್ದು ಒಂದೇ ಗೋಳು. ಕೂಗಿದರೆ ಕೇಳುವುದಿಲ್ಲ, ಎರಡೆರಡು ಸಲ ಹೇಳಬೇಕು, ಟಿವಿ ಗಲ್ಲಿಗೆಲ್ಲ ಕೇಳುವ ಹಾಗೆ ಇಡುತ್ತಾನೆ. ಈಗ ಗೋಳು ತಿರುಗಿ ನಿಂತಿತು. ಒಲೆಯ ಮುಂದೆ ಕೂತು, ಅವನು ಬೆನ್ನು ಹಾಕಿದ್ದಾಗ, "ರೀ" ಎನ್ನುತ್ತಿದ್ದಳು. ಅವನು ತಿರುಗದಿದ್ದರೆ ಎದೆಯೊಳಗೆ ತಣ್ಣಗಾಗುತ್ತಿತ್ತು. ಇನ್ನೊಂದು ಚೂರು ದನಿ ಏರಿಸಿ, "ರೀ" ಎನ್ನುತ್ತಿದ್ದಳು. "ಏನೇ?" ಎಂದು ಅವನು ತಿರುಗಿದರೆ, ಏನೂ ಇಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಮುಖ ತಿರುಗಿಸುತ್ತಿದ್ದಳು. ಕುಕ್ಕರಿನ ಸೀಟಿ ಅವನಿಗೆ ಕೇಳಿಸಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಭೀಮೇಶನಿಗೆ ಇದು ತಿಳಿಯದೆ ಇರಲಿಲ್ಲ. ಒಂದು ದಿನ, "ಕವನಾ, ನಿಮ್ಮಮ್ಮ ನನ್ನ ಹಿಂದೆ ಮುಂದೆ ಇಲಿ ಹಾಗೆ ಕಿಚಕಿಚ ಅಂತಿರ್ತಾಳಲ್ಲ, ಯಾಕೆ?" ಎಂದ. ಕವನ ಪುಸ್ತಕದಿಂದ ತಲೆ ಎತ್ತಲಿಲ್ಲ.

ಷಣ್ಮುಖಪ್ಪ ದಾರಿ ಹುಡುಕಿಯೇ ಬಂದರು. "ಇನ್ನೊಂದ್ಸಲ ಪರೀಕ್ಷೆ ಮಾಡಿ ಅಂತ ಕೇಳಬಹುದು. ನಾನೇ ಅರ್ಜಿ ಬರ್ಕೊಡ್ತೀನಿ. ನೋಡೋ ಭೀಮೇಶ, ಹೋದ್ಸಲದ ಹಾಗೇ ಕಿವಿಗೆ ಹೆಡ್‌ಫೋನ್ ಹಾಕ್ತಾರೆ, ಕೈಗೆ ಒಂದು ಗುಂಡಿ ಕೊಡ್ತಾರೆ. ಸದ್ದು ಕೇಳಿದ್ರೆ ಒತ್ತು ಅಂತಾರೆ. ನೀನು ಒತ್ತಬೇಡ. ಮುಗೀತು!"

"ಕೇಳಿದ್ರೂ?"

"ಕೇಳಿದ್ರೂ. ಕಲ್ಲು ಕೂತ ಹಾಗೆ ಕೂತ್ಕೋ."

"ಸುಳ್ಳಾಗಲ್ವಾ ಅಣ್ಣ?"

"ಅಯ್ಯೋ ಮಾರಾಯ, ಸುಳ್ಳಲ್ಲ. ಒಂದೂವರೆ! ಹಾಲಿಗೆ ನೀರು ಹಾಕೋನು ಇದಕ್ಕಿಂತ ಜಾಸ್ತಿ ಹಾಕ್ತಾನೆ."

ಭೀಮೇಶ ಹೆಂಡತಿಯನ್ನು ನೋಡಿದ. ಅವಳು ಬೇಡ ಎನ್ನುತ್ತಾಳೆ ಎಂದುಕೊಂಡಿದ್ದನೇನೋ. ಪುಷ್ಪಾ ಅವನ ಕಾಲನ್ನು ನೋಡುತ್ತಿದ್ದಳು.

ಪರೀಕ್ಷೆಗೆ ದಿನ ಗೊತ್ತಾದ ಮೇಲೆ ಒಂದು ಸಂಜೆ ಇಬ್ಬರೂ ಪೇಟೆಯಿಂದ ಬರುತ್ತಿದ್ದರು. ಹಳೇ ಸೇತುವೆಯ ಹತ್ತಿರ ಭೀಮೇಶ ಎರಡು ಹೆಜ್ಜೆ ಮುಂದಿದ್ದ, ಕಾಲೆಳೆಯುತ್ತ. ಹಿಂದೆ ಲಾರಿಯೊಂದು ಹಾರನ್ನು ಒತ್ತಿತು. ಅವನು ಸರಿಯಲಿಲ್ಲ. ಇನ್ನೊಮ್ಮೆ ಒತ್ತಿತು. ಅವನು ಸರಿಯಲಿಲ್ಲ. ಪುಷ್ಪಾ ಓಡಿಹೋಗಿ ತೋಳು ಹಿಡಿದು ಎಳೆದಳು. ಸೇತುವೆಯ ಕಂಬಿಗೆ ಬಡಿದು ಇಬ್ಬರೂ ಮುಗ್ಗರಿಸಿದರು. ಲಾರಿಯವನು ಬಾಯಿಗೆ ಬಂದದ್ದು ಬೈದು ಹೋದ.

"ಕೇಳ್ಲಿಲ್ವಾ?" ಎಂದಳು ಏದುಸಿರು ಬಿಡುತ್ತ.

"ಇಲ್ಲ ಕಣೆ. ಹೊಳೆ ಸದ್ದು ಅನ್ಕೊಂಡೆ."

ಆ ಗಳಿಗೆಯಲ್ಲಿ ಅವಳ ಮನಸ್ಸಿಗೆ ಮೊದಲು ಬಂದದ್ದು ಹೆದರಿಕೆಯಲ್ಲ. ಅಷ್ಟು ದೊಡ್ಡ ಹಾರನ್ನೇ ಕೇಳಲಿಲ್ಲ ಎಂದರೆ ಎಂಟು ಬಂದೇ ಬರುತ್ತದೆ ಎಂಬ ಖುಷಿ. ಆ ಖುಷಿ ಮುಖದ ಮೇಲೆ ಬಂದದ್ದು ಅವಳಿಗೇ ತಿಳಿಯಿತು. ಕಬ್ಬಿಣದ ಕಂಬಿ ಹಿಡಿದು ನಿಂತು ಅತ್ತಳು. ಲಾರಿಗೆ ಹೆದರಿ ಅಳುತ್ತಿದ್ದಾಳೆ ಎಂದುಕೊಂಡು ಅವನು ಬೆನ್ನು ಸವರಿದ. "ಏನಾಗಿಲ್ಲ ಮಾರಾಯ್ತಿ, ಇದೀನಲ್ಲ, ಇದೀನಲ್ಲ" ಎಂದ. ಆ ಮಾತಿಗೆ ಅಳು ಇನ್ನೂ ಜೋರಾಯಿತು.

ಪರೀಕ್ಷೆಯ ದಿನ ಅವನು ಬಿಳಿ ಶರ್ಟು ಹಾಕಿಕೊಂಡ. ಬಸ್ಸಿನಲ್ಲಿ ಪುಷ್ಪಾ ಮತ್ತೆ ಹೇಳಿದಳು, "ಒತ್ಬೇಡಿ." ಅವನು ತಲೆಯಾಡಿಸಿದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಇನ್ನೊಮ್ಮೆ ಹೇಳಿದಳು. "ಆಯ್ತು ಕಣೆ, ಎಷ್ಟು ಸಲ ಹೇಳ್ತೀಯ" ಎಂದ.

ಸಣ್ಣ ಕೋಣೆ. ಗೋಡೆಗೆಲ್ಲ ಮೆತ್ತೆ ಹೊಡೆದಿದ್ದರು. ನಡುವೆ ಗಾಜಿನ ಕಿಟಕಿ. ಒಳಗೆ ಭೀಮೇಶ ಕುರ್ಚಿಯ ಮೇಲೆ, ಹೊರಗೆ ಮಿಶನ್ನಿನ ಮುಂದೆ ಒಬ್ಬ ಹುಡುಗಿ, ಅವಳ ಹಿಂದೆ ಪುಷ್ಪಾ. ಹುಡುಗಿ ಗುಂಡಿಗಳನ್ನು ತಿರುಗಿಸಿದಳು. ಒಳಗೆ ಏನು ಸದ್ದು ಹೋಗುತ್ತಿದೆಯೋ ಪುಷ್ಪಾಳಿಗೆ ಕೇಳುತ್ತಿರಲಿಲ್ಲ. ಅವಳು ಕಿವುಡಿಯ ಹಾಗೆ ಗಾಜಿನ ಈಚೆ ನಿಂತು ಗಂಡನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಹೆಬ್ಬೆರಳು ಅಲುಗಲಿಲ್ಲ. ಕಲ್ಲಿನ ಹಾಗೆ ಕೂತಿದ್ದ. ಹುಡುಗಿ ಇನ್ನೊಂದು ಗುಂಡಿ ತಿರುಗಿಸಿದಳು. ಅಲುಗಲಿಲ್ಲ. ಪುಷ್ಪಾ ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಕಟ್ಟಿದಳು. ಇದೆಂಥ ಹರಕೆ ಎಂದು ದೇವರಿಗೂ ಅನ್ನಿಸಿರಬೇಕು.

ಆಗ ಭೀಮೇಶನ ಮುಖ ಬದಲಾಯಿತು. ಹುಬ್ಬು ಮೇಲೇರಿತು. ಕತ್ತು ಒಂದು ಕಡೆ ವಾಲಿತು. ಯಾರೋ ದೂರದಿಂದ ಹೆಸರು ಹಿಡಿದು ಕರೆದವರ ಕಡೆ ತಿರುಗುವ ಹಾಗೆ. ತುಟಿ ಒಂದಿಷ್ಟು ಬಿಚ್ಚಿತು. ಹೆಬ್ಬೆರಳು ಒತ್ತಿತು. ಮಿಶನ್ನಿನಲ್ಲಿ ಹಸಿರು ದೀಪ ಮಿಣುಕಿತು. ಇನ್ನೊಂದು ಸದ್ದು ಹೋಯಿತೇನೋ, ಮತ್ತೆ ಒತ್ತಿದ. ಮತ್ತೆ. ಒಂದನ್ನೂ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು, ಹುಡುಕಿ ಹುಡುಕಿ ಒತ್ತಿದ.

"ಚೆನ್ನಾಗಿ ಕೇಳಿಸ್ಕೋತಿದಾರೆ" ಎಂದಳು ಹುಡುಗಿ, ಒಳ್ಳೆಯ ಸುದ್ದಿ ಹೇಳುವ ಹಾಗೆ.

ಆರು ಆರೇ ಉಳಿಯಿತು.

ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಪುಷ್ಪಾ ಕೇಳಿದಳು, "ಯಾಕೆ ಒತ್ತಿದ್ರಿ?"

ಅವನು ತಲೆ ತಗ್ಗಿಸಿಕೊಂಡು ನಿಂತ. "ಮೊದ್ಲು ಬಂದದ್ದು ಬಿಟ್ಟೆ ಕಣೆ. ದೇವ್ರಾಣೆ ಬಿಟ್ಟೆ. ಆಮೇಲೆ ಒಂದು ಬಂತು. ತೆಳ್ಳಗೆ. ಜೀರುಂಡೆ ಹಾಗೆ. ಎಷ್ಟು ವರ್ಷ ಆಯ್ತು ಅಂಥದ್ದು ಕಿವಿಗೆ ಬಿದ್ದು. ಹೋದ್ಸಲ ಹೆದರ್ಕೊಂಡು ಒತ್ತಿದ್ದೆ, ಏನು ಕೇಳಿಸ್ತು ಅಂತ್ಲೇ ಗೊತ್ತಾಗಿರ್ಲಿಲ್ಲ. ಆ ಕೋಣೇಲಿ ಬೇರೆ ಏನೂ ಸದ್ದೇ ಇಲ್ಲ ನೋಡು. ಕೇಳಿಸ್ತು ಅನ್ನೋ ಖುಷೀಲಿ... ಕೈ ನಿಲ್ಲಲಿಲ್ಲ."

ಬಸ್ಸು ತುಂಬಿತ್ತು. ಹೇಗೋ ಕಿಟಕಿಯ ಪಕ್ಕ ಅವನಿಗೊಂದು ಸೀಟು ಸಿಕ್ಕಿತು, ಆಮೇಲೆ ಪಕ್ಕದ್ದು ಅವಳಿಗೆ. ಇಂಜಿನ್ನು ಗುಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗುವೊಂದು ಅರಚುತ್ತಿತ್ತು. ಅಷ್ಟು ಗದ್ದಲದಲ್ಲಿ ಎರಡು ಕಿವಿ ನೆಟ್ಟಗಿದ್ದವರಿಗೂ ಪಕ್ಕದವರ ಮಾತು ಕೇಳಲಾರದು. ಆ ಧೈರ್ಯದಿಂದ, ಮಡಿಲು ನೋಡಿಕೊಂಡು, ತನಗೇ ಹೇಳಿಕೊಳ್ಳುವ ಹಾಗೆ ಪುಷ್ಪಾ ಅಂದಳು, "ಪೂರ್ತಿ ಹೋಗ್ಬಾರ್ದಿತ್ತಾ ಆ ಕಿವಿ. ಪೀಡೆ ಕಳೀತಿತ್ತು."

ಬಸ್ಸು ತುಂಗೆಯ ಸೇತುವೆ ದಾಟಿತು. ಭೀಮೇಶ ಕಿಟಕಿಯ ಹೊರಗೆ ನೋಡುತ್ತಿದ್ದ. ಕೇಳಲಿಲ್ಲ ಎಂದುಕೊಂಡಳು. ಉಸಿರು ಬಿಟ್ಟಳು.

"ಹೂಂ" ಎಂದ ಅವನು, ಆಚೆಯೇ ನೋಡುತ್ತ. "ನಂಗೂ ಹಾಗೇ ಅನ್ಸ್ತು."

ಅವಳು ಅವನ ಕೈ ಹಿಡಿಯಲು ಹೋದಳು. ಅವನು ಕೈ ಎಳೆದುಕೊಳ್ಳಲಿಲ್ಲ, ಹಿಡಿಸಿಕೊಳ್ಳಲೂ ಇಲ್ಲ. ಅದು ಅವಳ ಅಂಗೈಯಲ್ಲಿ ಯಾರದೋ ಸಾಮಾನಿನ ಹಾಗೆ ಭದ್ರಾವತಿಯವರೆಗೆ ಇತ್ತು. ಏನಾದರೂ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಜೋರಾಗಿ ಹೇಳಬೇಕು, ಇಲ್ಲದಿದ್ದರೆ ಕೇಳುವುದಿಲ್ಲ. ಜೋರಾಗಿ ಹೇಳುವಂಥ ಮಾತಲ್ಲ ಅದು.

ಅರ್ಜಿಯ ಕೊನೆಯ ದಿನ ಬಂತು, ಹೋಯಿತು. ಆ ದಿನ ಭೀಮೇಶ ಹೋಟೆಲಿನಲ್ಲಿ ಸಂಜೆಯವರೆಗೂ ನಿಂತಿದ್ದ. ಮನೆಗೆ ಬಂದಾಗ ಕಾಲು ಚಪ್ಪಲಿಯಿಂದ ಹೊರಗೆ ಬರಲೊಲ್ಲದು. ಪುಷ್ಪಾ ಎಣ್ಣೆ ಬಿಸಿಮಾಡಿಕೊಂಡು ಕೆಳಗೆ ಕೂತಳು. ಚಪ್ಪಲಿಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಬೇಕಾಯಿತು. ಕವನ ಆ ಮೂಲೆಯಲ್ಲಿ ಲೆಕ್ಕ ಮಾಡುತ್ತ ಕೂತಿದ್ದಳು. ಈಗೀಗ ಅವಳಿಗೆ ಶೇಕಡಾ ಲೆಕ್ಕ ಒಂದೂ ತಪ್ಪುವುದಿಲ್ಲವಂತೆ, ಶಾಲೆಯಲ್ಲಿ ಹೊಗಳಿದ್ದಾರೆ. ಮನೆಯಲ್ಲಿ ಅದನ್ನು ಅವಳು ಹೇಳಿರಲಿಲ್ಲ.

"ನೋಯ್ತಾ?" ಎಂದಳು ಪುಷ್ಪಾ, ಹರಡಿನ ಮೇಲೆ ಬೆರಳಿಟ್ಟು.

ಅವನು ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದ. ಉತ್ತರ ಬರಲಿಲ್ಲ. ಅವಳು ಎರಡನೇ ಸಲ ಕೇಳಲಿಲ್ಲ. ಎಣ್ಣೆ ತಿಕ್ಕುತ್ತ ಹೋದಳು.